ಎರಡು ಲೆಗ್ ಆಡಿಸಿದರೆ ಅವೇ ಗೋಲ್ ರೂಲ್ ಬೇಕಾ? 1983ರ ಅಬರ್ಡೀನ್ ಕಥೆ ಗೊತ್ತಿರುವವರು ಸ್ವಲ್ಪ ಹೇಳಿ

ಅಮ್ಮತ್ತಿ ಲೆಫ್ಟ್ ಬ್ಯಾಕ್:

ಎಲ್ಲರಿಗೂ ನಮಸ್ಕಾರ. ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಕ್ಲಬ್‌ನಿಂದ ಒಂದು ನಾಕೌಟ್ ಟೂರ್ನಮೆಂಟ್ ಮಾಡಬೇಕು ಅಂತಿದ್ದೇವೆ. ಎಂಟು ಟೀಮ್. ಅಮ್ಮತ್ತಿ, ಸಿದ್ದಾಪುರ, ನೆಲ್ಲಿಹುದಿಕೇರಿ, ಸುಂಟಿಕೊಪ್ಪ ಕಡೆಯವರು, ಜೊತೆಗೆ ಎರಡು ಎಸ್ಟೇಟ್ ಟೀಮ್. ನಮ್ಮ ಕಡೆ ಯಾವಾಗಲೂ ಒಂದೇ ಗ್ರೌಂಡ್, ಒಂದೇ ಮ್ಯಾಚ್, ಸೋತವರು ಜೀಪ್ ಹತ್ತಿ ಮನೆಗೆ. ಈ ಸಲ ಯುರೋಪ್‌ನಲ್ಲಿ ಆಡಿಸುವ ಹಾಗೆ ಒಂದು ಮ್ಯಾಚ್ ನಮ್ಮೂರಲ್ಲಿ, ಒಂದು ಅವರೂರಲ್ಲಿ, ಅಂದರೆ ಎರಡು ಲೆಗ್ ಅಂತ ತೀರ್ಮಾನ ಆಗಿದೆ. ಫೈನಲ್ ಮಾತ್ರ ಒಂದೇ.

ಅಲ್ಲಿಯವರೆಗೂ ಮೀಟಿಂಗ್ ಚೆನ್ನಾಗಿಯೇ ನಡೆಯಿತು. ಆಮೇಲೆ ನಮ್ಮ ಖಜಾಂಚಿ ಎದ್ದು, ಎರಡೂ ಮ್ಯಾಚ್ ಸೇರಿಸಿ ಗೋಲ್ ಸಮ ಆದರೆ ಎದುರಾಳಿ ಗ್ರೌಂಡ್‌ನಲ್ಲಿ ಜಾಸ್ತಿ ಗೋಲ್ ಹೊಡೆದವರೇ ಗೆದ್ದ ಹಾಗೆ, ಆ ಅವೇ (away, ಹೊರಗಿನ) ಗೋಲ್ ರೂಲ್ ಇಡಲೇಬೇಕು ಅಂದರು. ಉದಾಹರಣೆಗೆ 1982-83ರ ಕಪ್ ವಿನ್ನರ್ಸ್ ಕಪ್ ತೆಗೆದರು. ಸ್ಕಾಟ್ಲೆಂಡಿನ ಅಬರ್ಡೀನ್ ಅನ್ನುವ ಟೀಮ್ ಬಯರ್ನ್ ಮ್ಯೂನಿಕ್ ಮೇಲೆ 2-2 ಆಗಿದ್ದರೂ ಹೊರಗೆ ಹೋಗುತ್ತಿತ್ತಂತೆ, ಅದಕ್ಕೇ ಆ ಮ್ಯಾಚ್‌ಗೆ ಅಷ್ಟು ಮಜಾ ಬಂದಿದ್ದಂತೆ. ಇನ್ನೊಬ್ಬರು, 'ಅದೆಲ್ಲ ಬಿಡಿ, ಫೈನಲ್‌ನಲ್ಲಿ ಮಳೆ ಬಂತು, ರಿಯಲ್ ಮ್ಯಾಡ್ರಿಡ್ ಜಾರಿ ಬಿತ್ತು, ಇವರು ಗೆದ್ದರು' ಅಂದುಬಿಟ್ಟರು. ರೂಲ್ ವಿಷಯ ಅಲ್ಲಿಗೇ ನಿಂತು ಅಬರ್ಡೀನ್ ಜಗಳ ಶುರುವಾಯಿತು. ಟೀ ಎರಡು ಸಲ ತರಿಸಬೇಕಾಯಿತು.

ನಾನು ಹುಟ್ಟುವ ಮುಂಚಿನ ಮಾತು ಇದು. ಆ 2-2 ಲೆಕ್ಕ ಏನು? ಅಬರ್ಡೀನ್ ನಿಜಕ್ಕೂ ಒಳ್ಳೆ ಟೀಮಾ, ಅಥವಾ ಸುಮ್ನೆ ಅದೃಷ್ಟಾನಾ? ಕೊನೆಗೆ, ನಾವು ರೂಲ್ ಇಡಬೇಕಾ ಬೇಡ್ವಾ?

ಕುಶಾಲನಗರ ರೆಡ್:

ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ ಆ ರೂಲನ್ನು 2021ರಲ್ಲೇ ತೆಗೆದುಹಾಕಿದೆ ಬ್ರದರ್. ಅವರೇ ಬಿಟ್ಟ ಮೇಲೆ ನಿಮಗ್ಯಾಕೆ? ಸಮ ಆದರೆ ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ. ಮುಗೀತು.

ಸುಂಟಿಕೊಪ್ಪ ಪಿ.ಟಿ. ಮಾಸ್ಟ್ರು (ನಿವೃತ್ತ):

ಮುಗೀತು ಅಂದರೆ ಹೇಗಪ್ಪ, ಹುಡುಗ ಕೇಳಿದ್ದು ಮೂರು ಪ್ರಶ್ನೆ. ಉತ್ತರ ಕೊಟ್ಟಿದ್ದು ಅರ್ಧಕ್ಕೆ.

ಆ ಮ್ಯಾಚ್ ನಡೆದಾಗ ನಮ್ಮಲ್ಲಿ ಯಾರೂ ನೋಡಲಿಲ್ಲ. ಪೇಪರಿನಲ್ಲಿ ನಾಲ್ಕು ಸಾಲು ಬಂದಿದ್ದರೆ ಹೆಚ್ಚು. ಮುಂದಿನ ತಿಂಗಳೇ ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದರು, ಆಮೇಲೆ ಫುಟ್ಬಾಲ್ ಯಾರಿಗೆ ಬೇಕು. ನಾನು ಇದನ್ನೆಲ್ಲ ಸರಿಯಾಗಿ ನೋಡಿದ್ದು ರಿಟೈರ್ ಆದ ಮೇಲೆ, ಫೋನಿನಲ್ಲಿ. ಬಯರ್ನ್ ಮ್ಯಾಚನ್ನು ಎಷ್ಟು ಸಲ ಹಾಕಿದ್ದೇನೋ, ಮನೆಯವಳು ಸದ್ದು ಕೇಳಿಯೇ ಎಷ್ಟನೇ ಗೋಲ್ ಅಂತ ಹೇಳುತ್ತಾಳೆ.

ಮೊದಲು ಈ ಕಪ್ ಏನು ಅಂತ. ಒಂದೊಂದು ದೇಶದ ನಾಕೌಟ್ ಕಪ್ ಗೆದ್ದವರನ್ನು ಸೇರಿಸಿ ಆಡಿಸುತ್ತಿದ್ದ ಟೂರ್ನಮೆಂಟ್. 1999ರಲ್ಲಿ ಲಾಜಿಯೊ ಗೆದ್ದಿದ್ದೇ ಕೊನೆ, ಆಮೇಲೆ ನಿಲ್ಲಿಸಿಬಿಟ್ಟರು. ಅಬರ್ಡೀನ್ 1982ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ರೇಂಜರ್ಸ್‌ಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ 4-1 ಕೊಟ್ಟು ಒಳಗೆ ಬಂತು. ಕೋಚ್ ಅಲೆಕ್ಸ್ ಫರ್ಗುಸನ್. ಹೌದು, ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿ ಹೆಸರು ಮಾಡಿದ ಅವರೇ. ಆಗಿನ್ನೂ ಮ್ಯಾಂಚೆಸ್ಟರ್ ಇಲ್ಲ, ಸರ್ ಇಲ್ಲ.

ಮೊದಲ ಸುತ್ತುಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಸ್ವಿಟ್ಜರ್ಲೆಂಡಿನ ಸಿಯಾನ್ ಮೇಲೆ 7-0, 4-1. ಅಲ್ಬೇನಿಯಾದ ಡೈನಮೊ ತಿರಾನಾ ಮೇಲೆ ಒಂದೇ ಗೋಲಿನಿಂದ ಬಚಾವು. ಪೋಲೆಂಡಿನ ಲೆಕ್ ಪೊಜ್ನಾನ್ ಮೇಲೆ 2-0, 1-0. ಅದೇ ಸೀಸನ್‌ನಲ್ಲಿ ವೇಲ್ಸ್‌ನ ಸ್ವಾನ್ಸೀ ಮಾಲ್ಟಾದ ಸ್ಲಿಯೆಮಾ ಮೇಲೆ 12-0 ಹೊಡೆದಿತ್ತು. ದೊಡ್ಡ ಸ್ಕೋರ್ ಬಂದರೆ ಕಪ್ ಬರುತ್ತದೆ ಅಂತಿಲ್ಲ, ನೋಡಿ.

ಕ್ವಾರ್ಟರ್ ಫೈನಲ್‌ಗೆ ಬನ್ನಿ, ನಿಮ್ಮ ಖಜಾಂಚಿ ಹೇಳಿದ ಜಾಗ. ಎದುರಿಗೆ ಬಯರ್ನ್. ಅದರ ಹಿಂದಿನ ವರ್ಷ ಯುರೋಪಿಯನ್ ಕಪ್ ಫೈನಲ್ ಆಡಿದ ಟೀಮ್. ಬ್ರೈಟ್ನರ್, ರುಮ್ಮೆನಿಗೆ, ಆಗೆಂಥಾಲರ್. ಹಿಂದಿನ ಸುತ್ತಿನಲ್ಲಿ ಟಾಟನ್‌ಹ್ಯಾಮ್‌ಗೆ ಮ್ಯೂನಿಕ್‌ನಲ್ಲಿ 4-1 ಕೊಟ್ಟು ಬಂದಿದ್ದರು. 1983ರ ಮಾರ್ಚ್ 2ರಂದು ಅಬರ್ಡೀನ್ ಅದೇ ಮ್ಯೂನಿಕ್‌ಗೆ ಹೋಗಿ 0-0 ಮಾಡಿಕೊಂಡು ಬಂತು.

ಎಲ್ಲರೂ ಇದನ್ನು ಹೊಗಳುತ್ತಾರೆ. ಅವೇ ಗೋಲ್ ರೂಲ್ ಇದ್ದಾಗ ಹೊರಗಿನ 0-0 ಅಷ್ಟೇನೂ ಸುಖದ ರಿಸಲ್ಟ್ ಅಲ್ಲ ಅನ್ನುವುದು ನನ್ನ ವಾದ. 1-1 ಆಗಿದ್ದರೆ ಅಬರ್ಡೀನ್ ಕೈಯಲ್ಲಿ ಒಂದು ಹೊರಗಿನ ಗೋಲ್ ಇರುತ್ತಿತ್ತು. 0-0 ಅಂದರೆ ಕೈ ಖಾಲಿ. ಮನೆಗೆ ಬಂದ ಮೇಲೆ ಅವರು ಹೊಡೆಯುವ ಒಂದೊಂದು ಗೋಲಿಗೂ ಎರಡರ ಭಾರ.

ಮಾರ್ಚ್ 16. ಪಿಟ್ಟಾಡ್ರಿ, ಅಬರ್ಡೀನ್‌ನ ಗ್ರೌಂಡ್. ಹತ್ತನೇ ನಿಮಿಷಕ್ಕೆ ಆಗೆಂಥಾಲರ್ ದೂರದಿಂದ ಒಂದು ಇಟ್ಟ, ಅಬರ್ಡೀನ್ ಗೋಲಿ (ಗೋಲ್‌ಕೀಪರ್) ಲೈಟನ್‌ಗೆ ಸಿಗಲಿಲ್ಲ. 38ಕ್ಕೆ ಸಿಂಪ್ಸನ್ ಸಮ ಮಾಡಿದ. 61ಕ್ಕೆ ಫ್ಲೂಗ್ಲರ್ ಮತ್ತೆ ಮುಂದೆ ತಂದ. 1-2. ಈಗ ಲೆಕ್ಕ ಹಾಕಿ. ಒಂದು ಗೋಲ್ ಹೊಡೆದು 2-2 ಮಾಡಿದರೂ ಬಯರ್ನ್ ಹತ್ತಿರ ಹೊರಗಿನ ಎರಡು ಗೋಲ್, ಇವರ ಹತ್ತಿರ ಸೊನ್ನೆ. ಹೊರಗೆ. ಹಾಗಾಗಿ ಎರಡು ಬೇಕೇ ಬೇಕು. ಖಜಾಂಚಿ ಹೇಳಿದ್ದು ಸರಿ.

77ನೇ ನಿಮಿಷ. ಬಲಗಡೆ ಫ್ರೀ ಕಿಕ್. ಸ್ಟ್ರಾಕನ್ ಮತ್ತು ಮೆಕ್‌ಮಾಸ್ಟರ್ ಇಬ್ಬರೂ ಒಟ್ಟಿಗೆ ಬಾಲ್ ಕಡೆ ಓಡಿದರು, ಇಬ್ಬರೂ ನಿಂತರು. 'ನೀನಾ ನಾನಾ' ಅನ್ನುವ ಹಾಗೆ ಮುಖ ಮುಖ ನೋಡಿಕೊಂಡರು. ಗೊಂದಲ ಆಯಿತು ಅಂತ ಜರ್ಮನ್ನರು ಒಂದು ಗಳಿಗೆ ಮೈ ಸಡಿಲ ಬಿಟ್ಟರು. ಅಷ್ಟರಲ್ಲಿ ಸ್ಟ್ರಾಕನ್ ತಿರುಗಿ ಕ್ರಾಸ್ ಹಾಕಿಬಿಟ್ಟ, ಮೆಕ್‌ಲೀಶ್ ತಲೆ ಕೊಟ್ಟ, ಗೋಲ್. ಗೊಂದಲ ಇಲ್ಲ ಏನೂ ಇಲ್ಲ, ಪ್ರಾಕ್ಟೀಸ್ ಮಾಡಿದ ನಾಟಕ. ಜನ ಕೂಗಿ ಮುಗಿಸಿರಲಿಲ್ಲ, ಮುಂದಿನ ನಿಮಿಷಕ್ಕೇ ಎರಿಕ್ ಬ್ಲ್ಯಾಕ್‌ನ ಹೆಡರನ್ನು ಗೋಲಿ ತಳ್ಳಿದ, ಬಾಲ್ ಸಬ್‌ಸ್ಟಿಟ್ಯೂಟ್ ಜಾನ್ ಹ್ಯೂಯಿಟ್ ಕಾಲಿಗೆ ಬಂತು. ಗೋಲಿಯ ಕಾಲುಗಳ ಮಧ್ಯೆ ಒಳಗೆ. 3-2.

ಅಲ್ಲಿಗೂ ಮುಗಿಯಲಿಲ್ಲ. ಇನ್ನೊಂದು ಗೋಲ್ ಬಿಟ್ಟರೆ 3-3, ಮತ್ತೆ ಬಯರ್ನ್ ಒಳಗೆ. ಅಬರ್ಡೀನ್ ಆ ಕಡೆಯ ಹನ್ನೆರಡು ನಿಮಿಷ ಗೆಲ್ಲುತ್ತಿದ್ದುಕೊಂಡೇ ಒಂದು ಗೋಲಿನ ಅಂಚಿನಲ್ಲಿ ನಿಂತಿತ್ತು.

ಅದೃಷ್ಟವೋ ಅಲ್ಲವೋ ಅಂತ ಕೇಳಿದ್ದೀರಲ್ಲ. ಅದೇ ಕ್ವಾರ್ಟರ್ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಬಾರ್ಸಿಲೋನಾನೂ ಇತ್ತು. ಅವರೂ ಹೊರಗೆ ಹೋಗಿ ವಿಯೆನ್ನಾದಲ್ಲಿ ಆಸ್ಟ್ರಿಯಾ ವೀನ್ ಜೊತೆ 0-0 ಮಾಡಿಕೊಂಡು ಬಂದರು. ಮನೆಯಲ್ಲಿ 1-1. ಔಟ್. ಒಂದೇ ಸುತ್ತು, ಒಂದೇ ಥರದ 0-0. ಬಾರ್ಸಾ ಹೋಯಿತು, ಅಬರ್ಡೀನ್ ಉಳಿಯಿತು. ಎರಡರ ನಡುವಿನ ಫರಕು ಆ ಫ್ರೀ ಕಿಕ್ ನಾಟಕ, ಬೆಂಚಿನಿಂದ ಎದ್ದು ಬಂದ ಹ್ಯೂಯಿಟ್. ಇದನ್ನು ಅದೃಷ್ಟ ಅನ್ನುವವರು ಒಂದು ಸಲ ಮಕ್ಕಳಿಗೆ ಫ್ರೀ ಕಿಕ್ ಹೇಳಿಕೊಟ್ಟು ನೋಡಲಿ. ನಾಲ್ಕು ದಿನ ಹೇಳಿಕೊಟ್ಟರೆ ಮ್ಯಾಚ್ ದಿನ ಇಬ್ಬರೂ ನಿಜವಾಗಿಯೇ ಡಿಕ್ಕಿ ಹೊಡೆದುಕೊಳ್ಳುತ್ತಾರೆ.

ಪೊನ್ನಂಪೇಟೆ ಹಾಫ್:

ಮಾಸ್ಟ್ರೇ, ನಾನು ಹಾಕಿಯವಳು, ಬೈಬೇಡಿ. ಎರಡು ಮ್ಯಾಚ್ ಯಾಕೆ ಅಂತಲೇ ಅರ್ಥ ಆಗುತ್ತಿಲ್ಲ. ನಮ್ಮ ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬ ಇತ್ತು, ಈಗ ಮುನ್ನೂರು ದಾಟುತ್ತದೆ. ಎಲ್ಲರಿಗೂ ಒಂದೇ ಮ್ಯಾಚ್. ಸೋತರೆ ಮುಂದಿನ ವರ್ಷ ಬಾ. ಅಜ್ಜನೂ ಮೊಮ್ಮಗನೂ ಒಂದೇ ಟೀಮಿನಲ್ಲಿ ಆಡುತ್ತಾರೆ, ಅವರಿಗೆ ಸೆಕೆಂಡ್ ಲೆಗ್ ಅಂದರೆ ಅಜ್ಜನ ಮಂಡಿ ಕೇಳಬೇಕಲ್ಲ.

ಮತ್ತೆ ಅವೇ ಅಂದರೆ ಎಷ್ಟು ದೂರ? ಸಿದ್ದಾಪುರಕ್ಕೂ ನೆಲ್ಲಿಹುದಿಕೇರಿಗೂ ಮಧ್ಯೆ ಒಂದು ಕಾವೇರಿ ಸೇತುವೆ, ಅಷ್ಟೇ. ನಡೆದುಕೊಂಡು ಹೋಗಿ ಅವೇ ಗೋಲ್ ಹೊಡೆದು ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು.

ಅಮ್ಮತ್ತಿ ಲೆಫ್ಟ್ ಬ್ಯಾಕ್:

ದೂರ ಇಲ್ಲ ಅಕ್ಕ, ಆದರೆ ಗ್ರೌಂಡ್ ವ್ಯತ್ಯಾಸ ಇದೆ. ಒಂದು ಎಸ್ಟೇಟ್ ಟೀಮಿನ ಗ್ರೌಂಡ್‌ನಲ್ಲಿ ಒಂದು ಕಡೆ ಪೂರಾ ಇಳಿಜಾರು. ಬಾಲ್ ಲೈನ್ ದಾಟಿದರೆ ಸಿಲ್ವರ್ ಓಕ್ ಸಾಲು, ಅದರಾಚೆ ರೊಬಸ್ಟಾ ಕಾಫಿ ತೋಟ. ಬಾಲ್ ಹುಡುಕಲು ಹೋದ ಹುಡುಗ ಬೇಗ ಬರಬೇಕಾ ನಿಧಾನ ಬರಬೇಕಾ ಅನ್ನುವುದು ಯಾರು ಮುಂದಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಮಾಸ್ಟ್ರೇ, ಓದಿ ಖುಷಿಯಾಯಿತು. ಖಜಾಂಚಿಗೆ ಕಳಿಸಿದೆ, ಅವರು ಮೂರು ಚಪ್ಪಾಳೆ ಹಾಕಿದ್ದಾರೆ. ಆದರೆ ಮಳೆ ಪಾರ್ಟಿಯವರು ಒಪ್ಪುತ್ತಿಲ್ಲ. ಬಯರ್ನ್ ಬಿಡು, ಫೈನಲ್ ಮಳೆಯದ್ದೇ ಅಂತಾರೆ. ಆ ವರ್ಷ ಮ್ಯಾಡ್ರಿಡ್ ಟೀಮೇ ಸರಿ ಇರಲಿಲ್ಲವಂತೆ.

ಮಡಿಕೇರಿ ಮ್ಯಾಡ್ರಿಡ್ ಭಕ್ತ:

ಸರಿ ಇರಲಿಲ್ಲ ಅಂದವರು ಯಾರು? ಆ ಸೀಸನ್‌ನಲ್ಲಿ ನಮ್ಮವರು ಐದು ಕಪ್‌ನಲ್ಲಿ ಎರಡನೇ ಸ್ಥಾನ ತಗೊಂಡರು. ಲೀಗ್ ಕೊನೆಯ ದಿನ ಅಥ್ಲೆಟಿಕ್ ಬಿಲ್ಬಾವೊಗೆ ಹೋಯಿತು. ಕೋಪಾ ಡೆಲ್ ರೇ, ಸೂಪರ್ ಕಪ್, ಲೀಗ್ ಕಪ್, ಕೊನೆಗೆ ಗೋಥೆನ್‌ಬರ್ಗ್‌ನಲ್ಲಿ ನಡೆದ ಈ ಫೈನಲ್. ಐದಕ್ಕೆ ಐದೂ ಕೈತಪ್ಪಿತು. ಕೆಟ್ಟ ಟೀಮಿಗೆ ಐದು ಕಡೆ ಎರಡನೇ ಸ್ಥಾನ ಎಲ್ಲಿಂದ ಬರುತ್ತದೆ? ಕೋಚ್ ಸ್ವತಃ ಡಿ ಸ್ಟೆಫಾನೊ, ಮ್ಯಾಡ್ರಿಡ್‌ನ ಹಳೆಯ ದೊಡ್ಡ ಆಟಗಾರ. ಕ್ವಾರ್ಟರ್‌ನಲ್ಲಿ ಇಂಟರ್ ಮಿಲಾನನ್ನು ಹೊರಗೆ ಹಾಕಿ ಬಂದವರು.

ಮಳೆ ಇಲ್ಲದಿದ್ದರೆ ಗೆಲ್ಲುತ್ತಿದ್ದೆವು, ಅದು ಬೇರೆ ಮಾತು.

ಸುಂಟಿಕೊಪ್ಪ ಪಿ.ಟಿ. ಮಾಸ್ಟ್ರು (ನಿವೃತ್ತ):

ಭಕ್ತರೇ, ಮೊದಲ ಪ್ಯಾರಾಗೆ ನೂರಕ್ಕೆ ನೂರು. ಕೊನೆ ಸಾಲಿಗೆ ಸೊನ್ನೆ.

ಫೈನಲ್ ಬಗ್ಗೆ ಹೇಳುತ್ತೇನೆ. 1983ರ ಮೇ 11, ಸ್ವೀಡನ್ನಿನ ಗೋಥೆನ್‌ಬರ್ಗ್, ಉಲ್ಲೆವಿ ಸ್ಟೇಡಿಯಂ. ಮಳೆ ಜೋರೇ ಇತ್ತು. ನಮ್ಮ ಪ್ಲಾಂಟರ್ ಯಾರಾದರೂ ಅಲ್ಲಿದ್ದಿದ್ದರೆ ಇಷ್ಟು ಇಂಚು ಇಷ್ಟು ಸೆಂಟ್ ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬಾಲ್ ಉರುಳುತ್ತಿಲ್ಲ, ನಮ್ಮ ಆಟಿ ತಿಂಗಳ ಕೆಸರು ಗದ್ದೆ ಆಟದ ಹಾಗೆ ಹೋದಲ್ಲೇ ಕೂರುತ್ತದೆ.

ಈಗ ಆ ಮಳೆ ಯಾರಿಗೆ ಹೊಡೆಯಿತು ನೋಡಿ. ಏಳನೇ ನಿಮಿಷಕ್ಕೆ ಕಾರ್ನರ್‌ನಿಂದ ಬ್ಲ್ಯಾಕ್ ಗೋಲ್ ಹಾಕಿದ, ಅಬರ್ಡೀನ್ 1-0. ಆಮೇಲೆ ಮೆಕ್‌ಲೀಶ್ ತನ್ನ ಗೋಲ್‌ಕೀಪರ್‌ಗೆ ಬ್ಯಾಕ್ ಪಾಸ್ ಕೊಟ್ಟ. ಒಣ ನೆಲ ಆಗಿದ್ದರೆ ಸಲೀಸಾಗಿ ಲೈಟನ್ ಕೈಗೆ ಹೋಗುತ್ತಿತ್ತು. ನೀರಿನಲ್ಲಿ ಬಾಲ್ ಅರ್ಧ ದಾರಿಗೇ ನಿಂತಿತು. ಸಾಂಟಿಯಾನಾ ನುಗ್ಗಿದ, ಲೈಟನ್ ಅವನನ್ನು ಬೀಳಿಸಿದ, ಪೆನಾಲ್ಟಿ. ಹುವಾನಿಟೊ ಹೊಡೆದ. ಅಂದರೆ ಮಳೆ ಒಂದು ಗೋಲ್ ಕೊಟ್ಟಿದ್ದು ಮ್ಯಾಡ್ರಿಡ್‌ಗೆ! ಇದನ್ನು ನಿಮ್ಮ ಮಳೆ ಪಾರ್ಟಿಗೆ ಓದಿ ಹೇಳಿ.

ಆಮೇಲೆ 90 ನಿಮಿಷ ಮುಗಿದರೂ 1-1. ಕೊನೆಯಲ್ಲಿ ಬ್ಲ್ಯಾಕ್ ಬದಲು ಮತ್ತೆ ಅದೇ ಹ್ಯೂಯಿಟ್ ಬಂದ. 112ನೇ ನಿಮಿಷ. ಎಡಗಡೆ ಪೀಟರ್ ವಿಯರ್ ತನ್ನ ಅರ್ಧದಿಂದ ಬಾಲ್ ತಂದು ಮಾರ್ಕ್ ಮೆಕ್‌ಗೀಗೆ ಮೇಲಿಂದ ಹಾಕಿದ, ಮೆಕ್‌ಗೀ ಲೈನ್ ಪಕ್ಕ ಓಡಿ ಕ್ರಾಸ್ ಕೊಟ್ಟ, ಮ್ಯಾಡ್ರಿಡ್ ಗೋಲಿ ಅಗುಸ್ಟಿನ್ ಕೈ ಚಾಚಿದ, ಸಿಗಲಿಲ್ಲ. ಹಿಂದೆ ಹ್ಯೂಯಿಟ್ ಹಾರಿ ತಲೆ ಕೊಟ್ಟ. 2-1. ಇದನ್ನು ಗಮನಿಸಿ: ನೆಲದ ಮೇಲೆ ಬಾಲ್ ಓಡದ ದಿನ ಈ ಗೋಲಿನ ದೊಡ್ಡ ಭಾಗ ಗಾಳಿಯಲ್ಲೇ ಆಯಿತು. ಮಳೆ ಇಬ್ಬರಿಗೂ ಒಂದೇ, ಅದಕ್ಕೆ ತಕ್ಕ ಹಾಗೆ ಆಡಿದವರು ಗೆದ್ದರು. ಆ ದಿನ ಆಡಿದ ಅಬರ್ಡೀನ್‌ನವರು ಪೂರಾ ಸ್ಕಾಟ್ಲೆಂಡಿನ ಹುಡುಗರೇ, ಹೊರಗಿನವರು ಒಬ್ಬರೂ ಇಲ್ಲ. ಈಗಿನ ಕಾಲದಲ್ಲಿ ಇಂಥದ್ದು ನಡೆಯುವ ಮಾತೇ ಅಲ್ಲ.

ಒಟ್ಟು ಹನ್ನೊಂದು ಮ್ಯಾಚ್. 25 ಗೋಲ್ ಹೊಡೆದು 6 ಬಿಟ್ಟುಕೊಟ್ಟರು. ಸೋತಿದ್ದು ಒಂದೇ ಒಂದು, ಸೆಮಿಫೈನಲ್‌ನ ಎರಡನೇ ಲೆಗ್, ಬೆಲ್ಜಿಯಂನ ವಾಟರ್‌ಸ್ಕೈ ಮೇಲೆ 0-1. ಮೊದಲ ಲೆಗ್‌ನಲ್ಲಿ 5-1 ಹೊಡೆದಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ ಅಂತಾರೆ. ಸ್ಟುವರ್ಟ್ ಕೆನೆಡಿಗೆ ಲೆಕ್ಕಕ್ಕೆ ಬಂತು. ರೈಟ್ ಬ್ಯಾಕ್ ಆತ. ಆ ಲೆಕ್ಕಕ್ಕಿಲ್ಲದ ಮ್ಯಾಚ್‌ನಲ್ಲೇ ಮಂಡಿ ಹೋಯಿತು, ಮತ್ತೆ ಆಡಲೇ ಇಲ್ಲ. ಫೈನಲ್ ದಿನ ಫರ್ಗುಸನ್ ಅವನನ್ನು ಸಬ್‌ಸ್ಟಿಟ್ಯೂಟ್ ಪಟ್ಟಿಯಲ್ಲಿ ಹಾಕಿದರು. ಒಂದು ಹೆಜ್ಜೆ ಓಡಲಾರದವನಿಗೆ ಒಂದು ಜಾಗ. ಫರ್ಗುಸನ್ ಅಂದರೆ ಬರೀ ಕೂಗಾಟ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಕೂಗಾಟವೂ ಇತ್ತು ಬಿಡಿ. ಈ ಕಪ್ ಗೆದ್ದು ಹತ್ತು ದಿನಕ್ಕೆ ರೇಂಜರ್ಸ್ ಮೇಲೆ ಸ್ಕಾಟಿಷ್ ಕಪ್ ಫೈನಲ್‌ನೂ 1-0 ಗೆದ್ದರು. ಗೆದ್ದ ಗ್ರೌಂಡಿನಲ್ಲೇ ನಿಂತು ಟಿವಿ ಮುಂದೆ ತನ್ನ ಹುಡುಗರನ್ನೇ ಬೈದರು, ಕ್ಯಾಪ್ಟನ್ ಮಿಲ್ಲರ್ ಮತ್ತು ಮೆಕ್‌ಲೀಶ್ ಇಬ್ಬರನ್ನು ಬಿಟ್ಟು. ಕಪ್ ಎತ್ತಿಕೊಂಡು ಬೈಸಿಕೊಂಡವರು ಇವರೊಬ್ಬರೇ ಇರಬೇಕು.

ಈಗ ನಿಮ್ಮ ಟೂರ್ನಮೆಂಟ್. ಅವೇ ಗೋಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯುರೋಪ್‌ನಲ್ಲಿ ಆ ರೂಲ್ ಬಂದಿದ್ದೇ ಇದೇ ಕಪ್ ವಿನ್ನರ್ಸ್ ಕಪ್‌ನಲ್ಲಿ, 1965-66ಕ್ಕೆ. ಅದಕ್ಕೆ ಮುಂಚೆ ಸಮ ಆದರೆ ಮೂರನೇ ಊರಿಗೆ ಹೋಗಿ ಮೂರನೇ ಮ್ಯಾಚ್ ಆಡಬೇಕಿತ್ತು, ಅದೂ ಸಮ ಆದರೆ ಟಾಸ್. 1965ರಲ್ಲಿ ಯುರೋಪಿಯನ್ ಕಪ್‌ನಲ್ಲಿ ಲಿವರ್‌ಪೂಲ್ ಕಲೋನ್ ಮೇಲೆ ಗೆದ್ದಿದ್ದು ಟಾಸ್‌ನಿಂದ. ಹೊರಗೆ ಹೋದ ಟೀಮ್ ಹತ್ತೂ ಜನ ಗೋಲ್ ಮುಂದೆ ನಿಂತು ಬಾಗಿಲು ಹಾಕಿಕೊಳ್ಳಬಾರದು, ಸ್ವಲ್ಪ ಮುಂದೆ ಬರಲಿ ಅಂತ ಆ ರೂಲ್. ಕಾಲ ಹೋದ ಹಾಗೆ ಉಲ್ಟಾ ಆಯಿತು. ಗೋಲ್ ಬಿಟ್ಟುಬಿಟ್ಟರೆ ಕಷ್ಟ ಅಂತ ಮನೆಯಲ್ಲಿ ಆಡುವವರೇ ಹೆದರಿ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದರು. ಅದಕ್ಕೇ ತೆಗೆದರು.

ನಿಮ್ಮಲ್ಲಿ ಇಟ್ಟರೆ ಏನಾಗುತ್ತದೆ ಹೇಳಲಾ? ಇಳಿಜಾರು ಗ್ರೌಂಡಿನವರು ಮೊದಲ ಲೆಗ್‌ನಲ್ಲಿ ಮೇಲಿನ ಗೋಲ್ ಹತ್ತಿರ ಗೋಡೆ ಕಟ್ಟಿ ನಿಲ್ಲುತ್ತಾರೆ, ಬಾಲನ್ನು ರೊಬಸ್ಟಾದೊಳಗೆ ಒದೆಯುತ್ತಾರೆ. ಜನ ನೋಡಲು ಬಂದಿದ್ದು ಕಾಫಿ ಗಿಡವನ್ನಾ?

ಸಮ ಆದರೆ ಹತ್ತು ಹತ್ತು ನಿಮಿಷ ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ. ಒಂದು ವಿಷಯ ಮಾತ್ರ ಮರೆಯಬೇಡಿ. ಎಕ್ಸ್‌ಟ್ರಾ ಟೈಮ್ ಬರುವುದು ಎರಡನೇ ಲೆಗ್‌ನಲ್ಲಿ, ಹಾಗಾಗಿ ಎರಡನೇ ಲೆಗ್ ಯಾರ ಗ್ರೌಂಡ್‌ನಲ್ಲೋ ಅವರಿಗೆ ಇಪ್ಪತ್ತು ನಿಮಿಷ ಜಾಸ್ತಿ ಮನೆ ಆಟ. ಯಾರ ಗ್ರೌಂಡ್ ಮೊದಲು ಅನ್ನುವುದನ್ನು ಇಬ್ಬರು ಕ್ಯಾಪ್ಟನ್ ಎದುರಿಗೇ ಚೀಟಿ ಎತ್ತಿ ತೀರ್ಮಾನ ಮಾಡಿ. ಕಮಿಟಿಯವರು ಒಳಗೆ ಕೂತು ಬರೆದುಕೊಂಡು ಬಂದರೆ ಮೊದಲ ದಿನವೇ ಗಲಾಟೆ. ಬಾಲ್ ಬಾಯ್ಸ್ ಎರಡೂ ಕಡೆ ಕಮಿಟಿಯವರೇ ಇರಲಿ, ಊರಿನ ಹುಡುಗರು ಬೇಡ.

ಪೊನ್ನಂಪೇಟೆ ಹಾಫ್:

ಕೊನೆಯ ಸಲಹೆ ನಮ್ಮ ಹಾಕಿಗೂ ಬೇಕು ಮಾಸ್ಟ್ರೇ.

ಕುಶಾಲನಗರ ರೆಡ್:

ನಾನು ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮಾಸ್ಟ್ರು ಎರಡು ಪುಟದಲ್ಲಿ ಹೇಳಿದ್ದಾರೆ ಅಂತ ದಾಖಲೆಗೆ ಬರೆಯುತ್ತಿದ್ದೇನೆ.

ಅಮ್ಮತ್ತಿ ಲೆಫ್ಟ್ ಬ್ಯಾಕ್:

ತುಂಬಾ ಥ್ಯಾಂಕ್ಸ್ ಮಾಸ್ಟ್ರೇ. ಭಾನುವಾರದ ಮೀಟಿಂಗ್‌ನಲ್ಲಿ ಇಟ್ಟೆ. ಅವೇ ಗೋಲ್ ಬಿದ್ದುಹೋಯಿತು, ಖಜಾಂಚಿಗೆ ಸ್ವಲ್ಪ ಬೇಜಾರು. ಚೀಟಿ ಎತ್ತುವುದು ಪಾಸ್ ಆಯಿತು. ಮಳೆ ಪಾರ್ಟಿಯವರು ಆ ಬ್ಯಾಕ್ ಪಾಸ್ ವಿಡಿಯೋ ನೋಡಿ, 'ಹಾಗಾದರೆ ಮಳೆ ಇಲ್ಲದಿದ್ದರೆ 90 ನಿಮಿಷಕ್ಕೇ 1-0 ಗೆಲ್ಲುತ್ತಿದ್ದರು' ಅಂತ ಈಗ ಪೂರಾ ಅಬರ್ಡೀನ್ ಕಡೆ ಸೇರಿಕೊಂಡಿದ್ದಾರೆ.

ಫೈನಲ್ ಏಪ್ರಿಲ್‌ನಲ್ಲಿ, ನಮ್ಮ ಗ್ರೌಂಡ್‌ನಲ್ಲೇ. ಆ ಹೊತ್ತಿಗೆ ಸಂಜೆ ಮಳೆ ಬಂದರೂ ಬರಬಹುದು. ಒಂದು ಎಸ್ಟೇಟ್‌ನವರು ಕಣದಲ್ಲಿ ಕಾಫಿ ಮುಚ್ಚುವ ಟಾರ್ಪಾಲ್ ಕೊಡಲು ಒಪ್ಪಿದ್ದಾರೆ, ಎರಡು ಗೋಲ್ ಮುಂದೆ ಹಾಸುವಷ್ಟು. ರೆಫ್ರಿ ಇನ್ನೂ ಸಿಕ್ಕಿಲ್ಲ. ಮಾಸ್ಟ್ರೇ, ನಿಮ್ಮ ಸೀಟಿ ಇನ್ನೂ ಇದೆಯಾ?

ಸುಂಟಿಕೊಪ್ಪ ಪಿ.ಟಿ. ಮಾಸ್ಟ್ರು (ನಿವೃತ್ತ):

ಸೀಟಿ ಇದೆ. ಮಂಡಿ ಇಲ್ಲ. ಲೈನ್ಸ್‌ಮನ್ ಆಗಿ ಬರುತ್ತೇನೆ, ಇಳಿಜಾರಿನ ಕೆಳಗಿನ ಕಡೆ ಮಾತ್ರ ಹಾಕಬೇಡಿ.